ಹಿಮದ ಹಾದಿಯ ಓನಾಮ

ಪರ್ವತಗಳ ಮೇಲಣ ಭಕ್ತಿಯು ನಮ್ಮ ಜನಕ್ಕೆ ಹೊಸದಲ್ಲ. ಕಾಳಿದಾಸನು ತನ್ನ ಕುಮಾರಸಂಭವವನ್ನು ಹಿಮಾಲಯದ ವರ್ಣನೆಯಿಂದಲೇ ಆರಂಭಿಸಿರುವನು. ನಮ್ಮ ಅಜ್ಜ-ಮುತ್ತಜ್ಜಂದಿರು ಕೇದಾರ-ಬದರಿಗಳಿಗೆ ಹೊರಡುವಾಗ ಸಾಲಸೋಲಗಳನ್ನು ತೀರಿಸಿ, ಬಂಧುಬಳಗವನ್ನೆಲ್ಲ ಕಂಡು, ಮರಳಿ ಬಂದರೆ ದೇವರ ದಯೆ ಎಂದು ಹೇಳಿ ಹೊರಡುತ್ತಿದ್ದರು. ಆದರೆ ಅವರು ಹೋಗುತ್ತಿದ್ದುದು ಬೇಸಗೆಯಲ್ಲಿ. ದೀಪಾವಳಿಯ ನಂತರ ಚಳಿ ಬಲಿತಂತೆ ಆ ಗುಡಿಗಳ ಬಾಗಿಲು ಮುಚ್ಚುವದು ಇಂದಿಗೂ ನಡೆದು ಬಂದ ಪದ್ಧತಿ. ಹಿಮ ಬೀಳುವ ಹೊತ್ತಿಗೆ ಉತ್ಸವಮೂರ್ತಿಯೂ ಕೆಳಗಿನ ಊರಿಗೆ ಇಳಿದು ಬರುವದು. ದೇವರೇ ಇಳಿದು ಬರುವ ಕಾಲದಲ್ಲಿ ಮನುಷ್ಯನು ಏರಹೋಗುವದು ನಮ್ಮ ಹಿರಿಯರಿಗೆ ತೋಚದ ಮಾತಾಗಿತ್ತು.

ಈಗ ಕಾಲ ಬೇರೆಯಾಗಿದೆ. ಡಿಸೆಂಬರ ತಿಂಗಳ ರಜೆ ಬಂತೆಂದರೆ ಹುಬ್ಬಳ್ಳಿಯ ರೇಲ್ವೆ ನಿಲ್ದಾಣದಲ್ಲಿ ಬೆನ್ನ ಮೇಲೆ ದೊಡ್ಡ ಚೀಲ ಹೇರಿಕೊಂಡ ತರುಣ-ತರುಣಿಯರು ಕಾಣುತ್ತಾರೆ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ ಸುಮಾರು ೩,೮೦೦ ಮೀಟರ ಎತ್ತರವಾದ ಕೇದಾರಕಂಠವೆಂಬ ಶಿಖರವಿದೆ. ನಡುಚಳಿಯಲ್ಲಿ, ಮೊಣಕಾಲುದ್ದದ ಹಿಮದಲ್ಲಿ ಅದನ್ನು ಏರುವದು ಈಗಿನ ತರುಣರಿಗೆ ಬಹು ಮೆಚ್ಚಿನ ಸಾಹಸ. ಇದಕ್ಕೆ ಅವರು ಚಾರಣವೆನ್ನುತ್ತಾರೆ. ನಮ್ಮ ಮಿಶ್ರಿಕೋಟಿಯಂಥ ಹಳ್ಳಿಯ ಮಕ್ಕಳೂ ಈ ಹಂಬಲಕ್ಕೆ ಹೊರತಲ್ಲ. ತಂದೆ-ತಾಯಿಗಳು ನನ್ನಂಥ ನಿವೃತ್ತ ಶಿಕ್ಷಕನ ಬಳಿಗೆ ಬಂದು, "ಮಾಸ್ತರ್ರ, ಹುಡುಗ ಬರ್ಫದ ಗುಡ್ಡಾ ಹತ್ತತೇನಂತ ಹಟಾ ಹಿಡದಾನ್ರಿ, ಕಳಸೂದೋ ಬ್ಯಾಡೋ?" ಎಂದು ಕೇಳುವದುಂಟು. ಬೇಡವೆಂದು ಹೇಳುವದು ಸುಲಭ. ಆದರೆ ಹಾಗೆ ತಡೆದವರು ಮನೆಯಲ್ಲಿ ಹೇಳದೆ ಹೋಗುವರು. ಹೋಗೆಂದು ಹೇಳುವದೂ ಸುಲಭ. ಆದರೆ ಅದರ ಹೊಣೆ ದೊಡ್ಡದು. ಕಲಿತು ಹೋಗು ಎಂದು ಹೇಳುವದೇ ಯೋಗ್ಯವೆಂದು ನನ್ನ ಅಭಿಪ್ರಾಯ. ಏನನ್ನು ಕಲಿಯಬೇಕೆಂಬದನ್ನು ವಾಚಕರ ಮುಂದಿಡುವದು ಈ ಲೇಖನದ ಉದ್ದೇಶ.

೨೦೨೪ರ ಜೂನ್

ಮೊದಲು ಒಂದು ದುಃಖದ ಪ್ರಸಂಗವನ್ನು ನೆನೆಯಬೇಕಾಗಿದೆ. ೨೦೨೪ನೆಯ ಇಸವಿಯ ಮೇ ೨೯ರಂದು ಇಪ್ಪತ್ತೆರಡು ಜನರ ತಂಡವೊಂದು ಉತ್ತರಕಾಶಿ ಜಿಲ್ಲೆಯಿಂದ ಸಹಸ್ರತಾಲವೆಂಬ ಎತ್ತರದ ಸರೋವರಕ್ಕೆ ಹೊರಟಿತು. ತಂಡದಲ್ಲಿ ಬಹುಸಂಖ್ಯೆಯವರು ನಮ್ಮ ಕರ್ನಾಟಕದವರು. ಆ ಸ್ಥಳವು ಸಮುದ್ರಮಟ್ಟದಿಂದ ಸುಮಾರು ೪,೫೦೦ ಮೀಟರ ಎತ್ತರದಲ್ಲಿದೆ. ಜೂನ್ ೩ರಂದು ಸರೋವರವನ್ನು ಕಂಡು ಡೇರೆಯ ಕಡೆಗೆ ಮರಳುತ್ತಿದ್ದಾಗ ಹಿಮದ ಬಿರುಗಾಳಿ ಎದ್ದಿತು. ಹಾದಿ ಕಾಣದಾಯಿತು. ತಂಡವು ಬಯಲಿನಲ್ಲಿಯೇ ರಾತ್ರಿಯನ್ನು ಕಳೆಯಬೇಕಾಯಿತು. ಒಂಬತ್ತು ಜನರು ಚಳಿಯಿಂದ ಪ್ರಾಣ ಬಿಟ್ಟರು. ವಾಯುಪಡೆಯ ಹೆಲಿಕಾಪ್ಟರುಗಳೂ ರಾಜ್ಯದ ವಿಪತ್ತು ರಕ್ಷಣಾ ದಳದವರೂ ಸೇರಿ ಉಳಿದ ಹದಿಮೂರು ಜನರನ್ನು ಬದುಕಿಸಿ ತಂದರು.

ಮಡಿದವರ ತಪ್ಪನ್ನು ಎಣಿಸುವದು ನನ್ನ ಕೆಲಸವಲ್ಲ. ಆದರೆ ಎರಡು ಸಂಗತಿಗಳನ್ನು ಹೊಸಬರು ಲಕ್ಷ್ಯಕ್ಕೆ ತರಬೇಕು. ಒಂದು: ಇದು ನಡೆದದ್ದು ಚಳಿಗಾಲದಲ್ಲಲ್ಲ, ಜೂನ್ ತಿಂಗಳಲ್ಲಿ. ಎತ್ತರದ ಬೆಟ್ಟದಲ್ಲಿ ಚಳಿಗಾಲವೆಂಬದು ಪಂಚಾಂಗವನ್ನು ನೋಡಿ ಬರುವದಿಲ್ಲ. ಅರ್ಧ ತಾಸಿನಲ್ಲಿ ಬರುತ್ತದೆ. ಎರಡು: ಇದು ನಡೆದದ್ದು ಏರುವಾಗ ಅಲ್ಲ, ಮರಳುವಾಗ. ಗುರಿಯನ್ನು ಮುಟ್ಟಿದಾಗ ಯಾತ್ರೆಯ ಅರ್ಧ ಮಾತ್ರ ಮುಗಿದಿರುತ್ತದೆ. ಶಕ್ತಿಯಾದರೋ ಅರ್ಧಕ್ಕಿಂತ ಹೆಚ್ಚು ತೀರಿರುತ್ತದೆ. ಆದುದರಿಂದ ಬೆಟ್ಟದ ವಿದ್ಯೆಯೆಂದರೆ ಏರುವ ವಿದ್ಯೆಯಲ್ಲ. ಅದು ಮರಳಿ ಬರುವ ವಿದ್ಯೆ. ಉಳಿದ ಪಾಠಗಳೆಲ್ಲ ಈ ಒಂದು ಸೂತ್ರದ ಭಾಷ್ಯವೆಂದು ತಿಳಿಯಬೇಕು.

ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಪಾಂಡವರು ಹಿಮಾಲಯವನ್ನು ಏರಿದ ಕಥೆ ಎಲ್ಲರಿಗೂ ಗೊತ್ತು. ಮೊದಲು ದ್ರೌಪದಿ, ಆಮೇಲೆ ಸಹದೇವ, ನಕುಲ, ಅರ್ಜುನ, ಭೀಮ ಹೀಗೆ ಒಬ್ಬೊಬ್ಬರಾಗಿ ಬಿದ್ದರು. ಧರ್ಮರಾಜನು ಹಿಂದಿರುಗಿ ನೋಡದೆ ನಡೆದನು. ಅದು ದೇಹವನ್ನು ಬಿಡಲೆಂದು ಹೊರಟವರ ನಡಿಗೆ. ಅವರಿಗೆ ಅದೇ ಧರ್ಮ. ದೇಹವನ್ನು ಮನೆಗೆ ಮರಳಿ ತರಬೇಕೆಂದು ಹೊರಟವರ ಧರ್ಮವು ಇದಕ್ಕೆ ತೀರ ವಿಪರೀತವಾದದ್ದು. ಅಲ್ಲಿ ಮುಂದಿನವನು ಹೆಜ್ಜೆಹೆಜ್ಜೆಗೆ ಹಿಂದಿರುಗಿ ನೋಡಬೇಕು. ಎಲ್ಲರಿಗಿಂತ ಮೆಲ್ಲನೆ ನಡೆಯುವವನ ವೇಗವೇ ತಂಡದ ವೇಗವಾಗಬೇಕು. ಒಬ್ಬನು ಬಿದ್ದನೆಂದರೆ ಎಲ್ಲರ ಯಾತ್ರೆಯೂ ಅಲ್ಲಿಗೆ ನಿಲ್ಲಬೇಕು.

ಉಳವಿಯ ಹಾದಿಯ ಪಾಠ

ಈ ಶಿಸ್ತು ನಮ್ಮ ನಾಡಿಗೆ ಹೊರಗಿನಿಂದ ಬರಬೇಕಾದದ್ದಲ್ಲ. ಮಾಘಮಾಸದಲ್ಲಿ ಧಾರವಾಡ ಸೀಮೆಯ ಒಕ್ಕಲಿಗರು ಚಕ್ಕಡಿಗಳನ್ನು ಹೂಡಿಕೊಂಡು, ಕೆಲವರು ಕಾಲ್ನಡಿಗೆಯಿಂದ, ಉಳವಿಯ ಚೆನ್ನಬಸವೇಶ್ವರನ ಜಾತ್ರೆಗೆ ಹೋಗುವ ಪದ್ಧತಿಯನ್ನು ಎಲ್ಲರೂ ಬಲ್ಲರು. ಉಳವಿಯು ಜೋಯಿಡಾ ತಾಲೂಕಿನ ದಟ್ಟಡವಿಯಲ್ಲಿದೆ. ದಾಂಡೇಲಿ-ಅಣಶಿಯ ಸುತ್ತಿನ ಆ ಕಾಡಿಗೆ ೨೦೧೫ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರಿದೆ. ಆ ಹಾದಿಯ ಜನರು ಒಂಟಿಯಾಗಿ ಹೋಗುವದಿಲ್ಲ; ಊರಿಗೊಂದು ತಂಡವಾಗಿ ಹೋಗುತ್ತಾರೆ. ನೀರಿರುವ ಗೊತ್ತಾದ ಸ್ಥಳದಲ್ಲಿಯೇ ಮುಕ್ಕಾಮು ಮಾಡುತ್ತಾರೆ. ಹೊತ್ತು ಮುಳುಗುವ ಮೊದಲೇ ಎತ್ತು ಬಿಟ್ಟು ಒಲೆ ಹೂಡುತ್ತಾರೆ. ಬುತ್ತಿಯನ್ನು ಬೇಕಾದದ್ದಕ್ಕಿಂತ ಎರಡು ದಿನದಷ್ಟು ಹೆಚ್ಚು ಕಟ್ಟಿಕೊಳ್ಳುತ್ತಾರೆ. ಹಾದಿ ಬಲ್ಲ ಹಿರಿಯನ ಮಾತಿಗೆ ಎದುರಾಡುವದಿಲ್ಲ. ಹಿಮದ ಹಾದಿಯಲ್ಲಿ ತಿಳಿದವರು ಹೇಳುವ ಮೊದಲ ಐದು ನಿಯಮಗಳು ಇವೇ.

ಕಲಿಯುವವನು ಮನೆಯ ಹತ್ತಿರದಿಂದ ಆರಂಭಿಸಬೇಕು. ಎರಡು-ಮೂರು ತಿಂಗಳು ಮೊದಲೇ ದಿನಾಲು ಒಂದು ತಾಸು ನಡೆಯಲಿ. ಆಮೇಲೆ ಎಂಟು-ಹತ್ತು ಕಿಲೋದ ಚೀಲವನ್ನು ಬೆನ್ನಿಗೆ ಹಾಕಿಕೊಂಡು ನಡೆಯಲಿ. ನಮ್ಮ ಕಲಘಟಗಿ ತಾಲೂಕಿನ ಬೂದನಗುಡ್ಡದಂಥ ಸಣ್ಣ ಗುಡ್ಡಗಳನ್ನು, ಒಯ್ಯಲಿರುವ ಬೂಟುಗಳನ್ನೇ ಮೆಟ್ಟಿಕೊಂಡು, ಏರಿ ಇಳಿಯಲಿ. ಹೊಸ ಬೂಟನ್ನು ಹಿಮದಲ್ಲಿಯೇ ಮೊದಲು ಮೆಟ್ಟುವವನಿಗೆ ಎರಡನೆಯ ದಿನವೇ ಬೊಬ್ಬೆಗಳು ಏಳುವವು. ಮುಂದೆ ಒಂದು ರಾತ್ರಿ ಹೊಲದಲ್ಲಿ ಡೇರೆ ಹೂಡಿ ಮಲಗಲಿ. ಕತ್ತಲಲ್ಲಿ ಚೀಲವನ್ನು ಬಿಚ್ಚಿ ಕೈಗವಸು, ಬ್ಯಾಟರಿ, ಔಷಧಗಳನ್ನು ತಡವದೆ ಹುಡುಕಿ ತೆಗೆಯಲು ಬರುವದೋ ಎಂದು ಪರೀಕ್ಷಿಸಿಕೊಳ್ಳಲಿ.

ಮೂರನೆಯ ಮೆಟ್ಟಿಲಾಗಿ ಸಹ್ಯಾದ್ರಿಯ ಒಂದು ಶಿಖರವನ್ನು ಏರಬಹುದು. ೧,೭೧೨ ಮೀಟರ ಎತ್ತರದ ಕುಮಾರಪರ್ವತವು ಈ ಅಭ್ಯಾಸಕ್ಕೆ ಯೋಗ್ಯವಾದದ್ದು. ಆದರೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಯ್ದಿಟ್ಟ ಕಾಡನ್ನು ಹೊಗುವದು ಅಪರಾಧ. ೨೦೨೪ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಜಾತ್ರೆಯಷ್ಟು ಜನ ನೆರೆದುದರಿಂದ ಸರಕಾರವು ಚಾರಣಕ್ಕೆ ತಡೆ ಹಾಕಿ, ಆಮೇಲೆ ಮುಂಗಡವಾಗಿ ಹೆಸರು ಬರೆಯಿಸುವ ಪದ್ಧತಿಯನ್ನು ತಂದಿತು. ಇದನ್ನು ಕಿರುಕುಳವೆಂದು ತಿಳಿಯಬಾರದು. ಹೋದವರ ಹೆಸರು ಎಲ್ಲಿಯಾದರೂ ದಾಖಲಾಗಿದ್ದರೆ ಮಾತ್ರವೇ ಬಾರದವರನ್ನು ಯಾರಾದರೂ ಹುಡುಕುವರು.

ಲೆಕ್ಕದಿಂದ ತಿಳಿಯುವ ಚಳಿ

"ನಮ್ಮಲ್ಲಿಯೂ ಚಳಿ ಇದೆಯಲ್ಲ" ಎಂದು ಹುಡುಗರು ಹೇಳುತ್ತಾರೆ. ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ಸೀಮೆಯಲ್ಲಿ ಮಾರ್ಗಶಿರ-ಪುಷ್ಯಗಳ ಬೆಳಗಿನ ಉಷ್ಣಮಾನವು ಸಾಮಾನ್ಯವಾಗಿ ಹದಿನಾಲ್ಕು ಡಿಗ್ರಿಯ ಆಚೀಚೆ ಇರುವದು. ಎತ್ತರವು ಒಂದು ಸಾವಿರ ಮೀಟರ ಹೆಚ್ಚಿದಂತೆ ಉಷ್ಣಮಾನವು ಸರಾಸರಿ ಆರೂವರೆ ಡಿಗ್ರಿಯಂತೆ ಇಳಿಯುವದು. ಕೇದಾರಕಂಠದ ತುದಿಯು ನಮ್ಮ ಊರಿಗಿಂತ ಮೂರು ಸಾವಿರ ಮೀಟರಿಗೂ ಹೆಚ್ಚು ಮೇಲಿರುವದರಿಂದ ಎತ್ತರವೊಂದರಿಂದಲೇ ಇಪ್ಪತ್ತು ಡಿಗ್ರಿ ಕಳೆಯಬೇಕು. ಅಂದರೆ ಶೂನ್ಯಕ್ಕಿಂತ ಆರು ಡಿಗ್ರಿ ಕೆಳಗೆ. ಉತ್ತರದ ಅಕ್ಷಾಂಶದ ಚಳಿಯನ್ನು ಸೇರಿಸಿದರೆ ಇನ್ನೂ ಕೆಳಗೆ.

ಇದಕ್ಕೆ ಗಾಳಿಯನ್ನು ಕೂಡಿಸಬೇಕು. ಉಷ್ಣಮಾನವು ಶೂನ್ಯವಿದ್ದು ಗಾಳಿಯು ತಾಸಿಗೆ ನಾಲ್ವತ್ತು ಕಿಲೋಮೀಟರ ವೇಗದಿಂದ ಬೀಸಿದರೆ ಬರಿಯ ಮೈಗೆ ಅದು ಶೂನ್ಯಕ್ಕಿಂತ ಏಳು ಡಿಗ್ರಿ ಕೆಳಗಿನ ಚಳಿಯಂತೆ ತಾಗುವದು. ಗಾಳಿಯ ಜೊತೆಗೆ ತೇವವೂ ಸೇರಿದರೆ ಅದಕ್ಕೆ ಹಿಮವೇ ಬೇಕೆಂದಿಲ್ಲ. ಹತ್ತು ಡಿಗ್ರಿಯ ಮಳೆಗಾಳಿಯಲ್ಲಿಯೂ ತೊಯ್ದು ದಣಿದ ಮನುಷ್ಯನು ಸಾಯಬಲ್ಲನು. ಚಳಿ, ಗಾಳಿ, ತೇವ, ದಣಿವು ಈ ನಾಲ್ಕರಲ್ಲಿ ಒಂದೊಂದನ್ನು ಬೇರೆ ಬೇರೆಯಾಗಿ ತಾಳಬಹುದು. ನಾಲ್ಕೂ ಕೂಡಿ ಬಂದರೆ ತಾಳಲಾಗದು.

ಹತ್ತಿ ಮತ್ತು ಕಂಬಳಿ

ನಮ್ಮದು ಹತ್ತಿಯ ಸೀಮೆ. ಹತ್ತಿಯ ಬಟ್ಟೆಯನ್ನು ಹಳಿದರೆ ಇಲ್ಲಿ ಯಾರಿಗೂ ಸೇರದು. ಆದರೂ ಹಿಮದಲ್ಲಿ ಮೈಗೆ ಅಂಟುವ ಹತ್ತಿಯು ಶತ್ರುವೆಂದು ಹೇಳಲೇಬೇಕಾಗಿದೆ. ಬೇಸಗೆಯಲ್ಲಿ ನೀರಿನ ಬಿಂದಿಗೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಇಡುತ್ತೇವಲ್ಲ, ನೀರು ತಣ್ಣಗಾಗಲೆಂದು? ಬೆವರಿನಿಂದ ತೊಯ್ದ ಹತ್ತಿಯ ಅಂಗಿಯನ್ನು ತೊಟ್ಟು ಬೆಟ್ಟದ ಗಾಳಿಗೆ ನಿಂತವನ ಮೈಯು ಆ ಬಿಂದಿಗೆಯೇ. ನೀರು ಆರುವಾಗ ಶಾಖವನ್ನು ಒಯ್ಯುತ್ತದೆ. ಮೇಲಾಗಿ ನೀರು ಹವೆಗಿಂತ ಇಪ್ಪತ್ತೈದು ಪಟ್ಟು ಬೇಗನೆ ಶಾಖವನ್ನು ಹೊರಗೆ ಸಾಗಿಸುತ್ತದೆ.

ಮನೆಯ ಮಕ್ಕಳಿಂದ ಈ ಪ್ರಯೋಗವನ್ನು ಮಾಡಿಸಬಹುದು. ಒಂದೇ ಅಳತೆಯ ಮೂರು ತಂಬಿಗೆಗಳಲ್ಲಿ ಬಿಸಿನೀರು ತುಂಬಿ ಬಾಯಿ ಮುಚ್ಚಬೇಕು. ಒಂದಕ್ಕೆ ಒದ್ದೆ ಧೋತರದ ತುಂಡು, ಇನ್ನೊಂದಕ್ಕೆ ಒದ್ದೆ ಮಾಡಿ ಹಿಂಡಿದ ಕಂಬಳಿಯ ತುಂಡು, ಮೂರನೆಯದಕ್ಕೆ ಒಣ ಕಂಬಳಿಯ ತುಂಡು ಸುತ್ತಿ, ಮೂರನ್ನೂ ಪುಷ್ಯಮಾಸದ ಸಂಜೆಯ ಗಾಳಿಯಲ್ಲಿ ಕಟ್ಟೆಯ ಮೇಲಿಡಬೇಕು. ಅರ್ಧ ತಾಸಿನ ಮೇಲೆ ಬೆರಳು ಅದ್ದಿ ನೋಡಿದರೆ ಯಾವದು ಮೊದಲು ಆರಿತೆಂಬದು ಮಕ್ಕಳಿಗೆ ತಾನೇ ತಿಳಿಯುವದು. ಹತ್ತು ಪುಟ ಓದಿಸುವದಕ್ಕಿಂತ ಇದು ಲೇಸು.

ಕಂಬಳಿಯ ಕೊಪ್ಪೆ ಹಾಕಿಕೊಂಡು ಜಡಿಮಳೆಯಲ್ಲಿ ಕುರಿ ಕಾಯುವ ಕುರುಬನೂ ನಾಟಿ ಮಾಡುವ ರೈತನೂ ಈ ತತ್ತ್ವವನ್ನು ಶಾಸ್ತ್ರವಿಲ್ಲದೆ ಬಲ್ಲರು. ಉಣ್ಣೆಯು ತೊಯ್ದರೂ ತನ್ನ ಎಳೆಗಳ ನಡುವೆ ಹವೆಯನ್ನು ಹಿಡಿದಿಟ್ಟು ಬೆಚ್ಚಗಿಡುವದು. ಆದುದರಿಂದ ಹಿಮಕ್ಕೆ ಹೋಗುವವನು ಮೂರು ಪದರಗಳ ಉಡುಪನ್ನು ಕಟ್ಟಿಕೊಳ್ಳಬೇಕು: ಮೈಗೆ ಹತ್ತುವದು ಉಣ್ಣೆ ಇಲ್ಲವೆ ಬೇಗ ಆರುವ ಕೃತ್ರಿಮ ನೂಲಿನದು, ಅದರ ಮೇಲೆ ಬೆಚ್ಚಗಿನ ದಪ್ಪ ಉಡುಪು, ಎಲ್ಲಕ್ಕೂ ಮೇಲೆ ಗಾಳಿ-ನೀರು ಹೊಗದ ತೆಳುವಾದ ಕವಚ. ಒಂದೇ ದಪ್ಪ ಕೋಟಿಗಿಂತ ಮೂರು ಪದರಗಳು ಮೇಲು. ಏಕೆಂದರೆ ಏರುವಾಗ ಬೆವರುವ ಮೊದಲೇ ಒಂದನ್ನು ತೆಗೆಯಬಹುದು, ನಿಂತೊಡನೆ ಮತ್ತೆ ತೊಡಬಹುದು. ಬೆವರದಷ್ಟು ಮೆಲ್ಲನೆ ನಡೆಯುವದೇ ಚಳಿಯ ಬೆಟ್ಟದ ನಡಿಗೆಯ ಗುಟ್ಟು. ಮಲಗುವ ಹೊತ್ತಿಗೆಂದು ಒಂದು ಜೊತೆ ಒಣ ಉಡುಪು, ಒಣ ಕಾಲುಚೀಲಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಎಷ್ಟೇ ಆಸೆಯಾದರೂ ಅವನ್ನು ಹಗಲಿನಲ್ಲಿ ತೊಡಬಾರದು.

ಜಠರಾಗ್ನಿಗೆ ಇಂಧನ

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಋತುಚರ್ಯೆಯನ್ನು ಹೇಳುವ ಅಧ್ಯಾಯವೊಂದಿದೆ. ಹೇಮಂತದಲ್ಲಿ ಹೊರಗಿನ ಶೀತವು ದೇಹದ ಅಗ್ನಿಯನ್ನು ಒಳಗೆ ತಡೆಯುವದರಿಂದ ಅದು ಬಲಗೊಳ್ಳುವದೆಂದೂ, ತಕ್ಕ ಇಂಧನ ದೊರೆಯದಿದ್ದರೆ ಅದು ದೇಹದ ಸಾರವನ್ನೇ ಸುಡುವದೆಂದೂ ಅಲ್ಲಿ ಹೇಳಿದೆ. ಸ್ನಿಗ್ಧವೂ ಗುರುವೂ ಆದ ಆಹಾರವನ್ನು ವಿಧಿಸಿದೆ. ಇಂದಿನ ವೈದ್ಯಶಾಸ್ತ್ರದ ಭಾಷೆ ಬೇರೆ. ಆದರೆ ಉಪದೇಶವು ಭಿನ್ನವಲ್ಲ. ಚಳಿಯಲ್ಲಿ ಮೈ ನಡುಗಿ ಶಾಖ ಹುಟ್ಟಿಸಲು ಅನ್ನ ಬೇಕು. ಹೊಟ್ಟೆ ಬರಿದಾದವನು ಬೇಗನೆ ನಡುಗಲೂ ಆರದವನಾಗುವನು.

ನಮ್ಮ ಅಡಿಗೆಮನೆಗಳು ಈ ವಿಷಯದಲ್ಲಿ ಬಡವಲ್ಲ. ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಶೇಂಗಾದ ಹೋಳಿಗೆ, ಅಂಟಿನ ಉಂಡೆ, ಹುರಿದ ಶೇಂಗಾ-ಬೆಲ್ಲ ಇವೆಲ್ಲ ಹಗುರ ತೂಕದಲ್ಲಿ ಬಹಳ ಶಕ್ತಿಯನ್ನು ಕೊಡುವವು, ವಾರಗಟ್ಟಲೆ ಕೆಡುವದಿಲ್ಲ. ತಾಸಿಗೊಮ್ಮೆ ತುಸು ತುಸು ತಿನ್ನುತ್ತ ನಡೆಯಬೇಕು; ಕೈಗೆ ಸಿಗುವಂತೆ ಕಿಸೆಯಲ್ಲಿಟ್ಟುಕೊಳ್ಳಬೇಕು. ನೀರಡಿಕೆಯನ್ನು ತಡೆಯಬಾರದೆಂಬದೂ ಚರಕನ ಮಾತೇ. ಚಳಿಯಲ್ಲಿ ನೀರಡಿಕೆ ತೋರುವದೇ ಇಲ್ಲ. ಆದರೂ ಉಸಿರಿನೊಡನೆ ನೀರು ಹೋಗುತ್ತಲೇ ಇರುವದು. ಆದುದರಿಂದ ಲೆಕ್ಕವಿಟ್ಟು ಕುಡಿಯಬೇಕು. ರಾತ್ರಿ ನೀರಿನ ಸೀಸೆಯು ಹೆಪ್ಪುಗಟ್ಟದಂತೆ ಅದನ್ನು ಮಲಗುವ ಚೀಲದೊಳಗೆ ಇಟ್ಟುಕೊಳ್ಳಬೇಕು.

ಮದ್ಯವು ಮೈಯನ್ನು ಕಾಯಿಸುವದೆಂಬ ಭ್ರಮೆ ತರುಣರಲ್ಲಿ ಬಹಳ. ಅದು ತೊಗಲಿನ ರಕ್ತನಾಳಗಳನ್ನು ಅಗಲಿಸಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುವದು. ಬೆಚ್ಚಗಾದಂತೆ ತೋರುವಾಗಲೇ ದೇಹವು ತಣ್ಣಗಾಗುತ್ತಿರುವದು. ಹಾಗೆಯೇ ಮುಚ್ಚಿದ ಡೇರೆಯೊಳಗೆ ಕೆಂಡದ ಅಗ್ಗಿಷ್ಟಿಕೆಯನ್ನಾಗಲಿ ಸ್ಟೋವನ್ನಾಗಲಿ ಇಟ್ಟು ಮಲಗಬಾರದು. ಅದರಿಂದ ಹೊರಡುವ ವಿಷವಾಯುವಿಗೆ ವಾಸನೆಯಿಲ್ಲ, ಮಲಗಿದವರು ಏಳುವದಿಲ್ಲ.

ನಾಲ್ಕು ಲಕ್ಷಣಗಳು

ಆರೋಗ್ಯವಂತನ ಒಳಮೈಯ ಉಷ್ಣಮಾನವು ೩೭ ಡಿಗ್ರಿ. ಅದು ೩೫ಕ್ಕಿಂತ ಕೆಳಗೆ ಇಳಿದರೆ ಶೀತಾಘಾತವಾಯಿತೆಂದು ತಿಳಿಯಬೇಕು. ಬೆಟ್ಟದ ಮೇಲೆ ಅಳೆಯುವ ಸಾಧನ ಇಲ್ಲದಿದ್ದರೂ ನಾಲ್ಕು ಕ್ರಿಯಾಪದಗಳನ್ನು ಬಾಯಿಪಾಠ ಮಾಡಿದರೆ ಸಾಕು: ಗೊಣಗುವದು, ತೊದಲುವದು, ತಡವರಿಸುವದು, ಎಡವುವದು. ನಗುತ್ತಿದ್ದ ಗೆಳೆಯನು ಸುಮ್ಮನೆ ಗೊಣಗಹತ್ತಿದರೆ, ಮಾತು ತೊದಲಿದರೆ, ಗುಂಡಿ ಹಾಕಲು ಬೆರಳು ತಡವರಿಸಿದರೆ, ಸಮನಾದ ನೆಲದಲ್ಲಿ ಕಾಲು ಎಡವಿದರೆ, "ದಣಿದಿದ್ದಾನೆ, ನಡೆದರೆ ಸರಿಹೋಗುತ್ತಾನೆ" ಎನ್ನಬಾರದು. ಶೀತವು ಮೊದಲು ಕದಿಯುವದು ಬುದ್ಧಿಯನ್ನು. ಕಾರಣ, ತನಗೆ ಏನಾಗಿದೆಯೆಂಬದು ಅವನಿಗೆ ತಿಳಿಯದು. ನಡುಕವು ಒಮ್ಮೆಲೆ ನಿಂತಿತೆಂದರೆ ಗುಣವಾಯಿತೆಂದು ತಿಳಿಯಬಾರದು. ಅದು ದೇಹವು ಸೋತ ಚಿಹ್ನೆ. ಕೊನೆಯ ಹಂತದಲ್ಲಿ ಕೆಲವರು ಸೆಕೆಯಾಗುವದೆಂದು ಭ್ರಮಿಸಿ ಉಡುಪನ್ನು ಕಳಚಿ ಒಗೆಯುವದೂ ಉಂಟು. ಆದುದರಿಂದ ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ಇನ್ನೊಬ್ಬರನ್ನು ಕಾಯುವಂತೆ ಮೊದಲೇ ಗೊತ್ತುಮಾಡಬೇಕು.

ಲಕ್ಷಣ ಕಂಡೊಡನೆ ಮಾಡಬೇಕಾದದ್ದಿಷ್ಟು: ಗಾಳಿಯ ಮರೆಗೆ ಒಯ್ಯಬೇಕು. ತೊಯ್ದ ಉಡುಪನ್ನು ತೆಗೆದು ಒಣಗಿದ್ದನ್ನು ತೊಡಿಸಬೇಕು. ತಲೆಯನ್ನೂ ಕತ್ತನ್ನೂ ಮುಚ್ಚಬೇಕು. ಕೆಳಗೆ ಹಾಸು ಬೇಕೇ ಬೇಕು. ತಣ್ಣನೆಯ ನೆಲವು ಮೇಲಿನ ಹೊದಿಕೆಯನ್ನು ವ್ಯರ್ಥ ಮಾಡುವದು. ಎಚ್ಚರವಿದ್ದು ನುಂಗಬಲ್ಲವನಾದರೆ ಬೆಚ್ಚಗಿನ ಸಿಹಿ ಪಾನಕವನ್ನು ಗುಟುಕು ಗುಟುಕಾಗಿ ಕೊಡಬೇಕು. ಎಚ್ಚರವಿಲ್ಲದವನ ಬಾಯಿಗೆ ಏನನ್ನೂ ಹಾಕಬಾರದು. ಕೈಕಾಲುಗಳನ್ನು ತಿಕ್ಕಬಾರದು, ಬೆಂಕಿಗೆ ಹಿಡಿಯಬಾರದು. ಮರಗಟ್ಟಿದ ಬೆರಳನ್ನು ಹಿಮದಿಂದ ಉಜ್ಜುವ ಹಳೆಯ ರೂಢಿಯಂತೂ ಕೇಡಿನದು. ಒಯ್ಯುವದಾದರೆ ಹಸುಗೂಸನ್ನು ಎತ್ತಿಕೊಂಡಂತೆ ಮೃದುವಾಗಿ ಎತ್ತಬೇಕು.

ಎತ್ತರದ ಬೇನೆ

ಚಳಿಯಿಂದ ಬೇರೆಯಾದ ಇನ್ನೊಂದು ಶತ್ರು ತೆಳುವಾದ ಹವೆ. ೪,೫೦೦ ಮೀಟರ ಎತ್ತರದಲ್ಲಿ ಹವೆಯ ಒತ್ತಡವು ಸಮುದ್ರದಂಡೆಯ ಒತ್ತಡದ ಐದರಲ್ಲಿ ಮೂರು ಪಾಲಿಗಿಂತಲೂ ತುಸು ಕಡಿಮೆ. ದೇಹವು ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ಅವಸರದಿಂದಲ್ಲ. ೩,೦೦೦ ಮೀಟರಿನ ಮೇಲೆ ಮಲಗುವ ಸ್ಥಳವನ್ನು ದಿನಕ್ಕೆ ಐದು ನೂರು ಮೀಟರಿಗಿಂತ ಹೆಚ್ಚು ಏರಿಸಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಏರದೆ ವಿಶ್ರಮಿಸಬೇಕು. ತಲೆನೋವು, ಓಕರಿಕೆ, ನಿದ್ರೆಗೇಡು ಕಂಡರೆ ಮುಂದೆ ಏರದೆ ಅಲ್ಲಿಯೇ ನಿಲ್ಲಬೇಕು. ಕುಳಿತಲ್ಲಿಯೇ ಏದುಸಿರು ಬಂದರೆ, ಇಲ್ಲವೆ ಹಿಮ್ಮಡಿಗೆ ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಯಲು ಬಾರದಿದ್ದರೆ, ನಡುರಾತ್ರಿಯಾದರೂ ಕೆಳಗೆ ಇಳಿಸಬೇಕು. ಇಳಿಯುವದೇ ಇದರ ಮುಖ್ಯ ಔಷಧ. ಗುಳಿಗೆಗಳನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಹೊಸ ಹಿಮವು ಸೂರ್ಯನ ಕಿರಣಗಳ ಬಹುಭಾಗವನ್ನು ಮೇಲಕ್ಕೆ ಚಿಮ್ಮಿಸುವದರಿಂದ ಕಪ್ಪು ಕನ್ನಡಕವಿಲ್ಲದೆ ನಡೆದವನ ಕಣ್ಣು ಸಂಜೆಯೊಳಗೆ ಉರಿದು ಮುಚ್ಚುವದೆಂಬದನ್ನೂ ನೆನಪಿಡಬೇಕು.

ತಿರುಗುವ ವೇಳೆ

ನಮ್ಮಲ್ಲಿ ಡಿಸೆಂಬರದಲ್ಲಿ ಸುಮಾರು ಆರು ಗಂಟೆಗೆ ಹೊತ್ತು ಮುಳುಗಿದರೆ ಉತ್ತರಕಾಶಿಯ ಬೆಟ್ಟಗಳಲ್ಲಿ ಐದೂವರೆಯೊಳಗೇ ಮುಳುಗುವದು. ಕಣಿವೆಗಳಲ್ಲಿ ಅದಕ್ಕೂ ಮೊದಲೇ ನೆರಳು ಕವಿಯುವದು. ಆದುದರಿಂದ ಡೇರೆಯನ್ನು ಬಿಡುವ ಮೊದಲೇ, ಮನಸ್ಸು ಶಾಂತವಾಗಿರುವಾಗ, ತಿರುಗುವ ವೇಳೆಯನ್ನು ಗೊತ್ತುಮಾಡಬೇಕು. ಹನ್ನೆರಡು ಗಂಟೆಯೆಂದು ನಿಶ್ಚಯಿಸಿದ್ದರೆ, ಶಿಖರವು ನೂರು ಹೆಜ್ಜೆ ದೂರವಿದ್ದರೂ ಹನ್ನೆರಡಕ್ಕೆ ತಿರುಗಬೇಕು. ಶಿಖರದ ಕೆಳಗೆ ನಿಂತು ಮಾಡುವ ನಿರ್ಣಯವು ಬುದ್ಧಿಯ ನಿರ್ಣಯವಲ್ಲ, ಆಸೆಯ ನಿರ್ಣಯ. ಮೋಡ ಕಟ್ಟಿದರೆ, ಗಾಳಿ ದಿಕ್ಕು ಬದಲಿಸಿದರೆ, ತಂಡದಲ್ಲಿ ಒಬ್ಬನಿಗೆ ನೆಟ್ಟಗಿಲ್ಲದಿದ್ದರೆ ಅದಕ್ಕೂ ಮೊದಲೇ ತಿರುಗಬೇಕು. ಹೊಸದಾಗಿ ಬಹಳ ಹಿಮ ಬಿದ್ದ ಮೇಲೆ ಒಂದೆರಡು ದಿನ ಕಡಿದಾದ ಇಳಿಜಾರುಗಳನ್ನು ತಪ್ಪಿಸಬೇಕು. ಮೂವತ್ತರಿಂದ ನಾಲ್ವತ್ತೈದು ಡಿಗ್ರಿಯ ಇಳಿಜಾರಿನಲ್ಲಿಯೇ ಹಿಮದ ರಾಶಿಗಳು ಹೆಚ್ಚಾಗಿ ಜಾರುವವು.

ಹಾದಿ ತಪ್ಪಿತೆಂದು ತಿಳಿದರೆ ಅತ್ತಿತ್ತ ಓಡಬಾರದು. ನಿಲ್ಲಬೇಕು, ಕೂಡಬೇಕು, ಉಡುಪು ತೊಡಬೇಕು, ಏನಾದರೂ ತಿನ್ನಬೇಕು, ಆಮೇಲೆ ವಿಚಾರಿಸಬೇಕು. ಕೊರಳಲ್ಲಿ ಒಂದು ಸೀಟಿ ಇರಲಿ. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಊದುವದು ಬೆಟ್ಟಗಳಲ್ಲಿ ಅಪಾಯದ ಕೂಗೆಂದು ರೂಢಿಯಾಗಿದೆ. ಚಳಿಗೆ ಮೊಬೈಲಿನ ವಿದ್ಯುಚ್ಛಕ್ತಿ ಬೇಗ ಕುಗ್ಗುವದರಿಂದ ಅದನ್ನು ಒಳಕಿಸೆಯಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಬೇಕು. ಸಂಪರ್ಕ ದೊರೆತಲ್ಲಿ ೧೧೨ನೆಯ ಸಂಖ್ಯೆಗೆ ಕರೆಯಬಹುದು. ಉಪಗ್ರಹದ ದೂರವಾಣಿಯನ್ನು ಸರಕಾರದ ಅನುಮತಿಯಿಲ್ಲದೆ ಒಯ್ಯುವದು ನಮ್ಮ ದೇಶದಲ್ಲಿ ಅಪರಾಧವೆಂಬದು ತಿಳಿದಿರಲಿ. ಕಾಗದದ ನಕಾಶೆ, ದಿಕ್ಸೂಚಿಗಳನ್ನು ಬಳಸುವದನ್ನು ನಮ್ಮ ಹೊಲಗಳ ಬದುವಿನಲ್ಲಿಯೇ ಕಲಿಯಬಹುದು.

ಗುರುಮುಖದಿಂದ

ಓದಿ ಈಜು ಕಲಿತವರಿಲ್ಲ. ಹಿಮದ ಮೇಲೆ ಕಾಲಿಡುವ ಬಗೆ, ಬೂಟಿಗೆ ಮುಳ್ಳಿನ ಚೌಕಟ್ಟನ್ನು ಕಟ್ಟುವ ಬಗೆ, ಜಾರಿದಾಗ ಹಿಮಗೊಡಲಿಯಿಂದ ತಡೆದು ನಿಲ್ಲುವ ಬಗೆ ಇವನ್ನೆಲ್ಲ ಗುರುಮುಖದಿಂದಲೇ ಕಲಿಯಬೇಕು. ೧೯೫೩ರ ಮೇ ೨೯ರಂದು ತೇನಸಿಂಗ ಹಾಗೂ ಹಿಲರಿಯವರು ಎವರೆಸ್ಟನ್ನು ಏರಿದ ಮರುವರ್ಷವೇ ದಾರ್ಜಿಲಿಂಗದಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆಯು ಸ್ಥಾಪಿತವಾಯಿತು. ತೇನಸಿಂಗರೇ ಅಲ್ಲಿ ಬೆಟ್ಟದ ಶಿಕ್ಷಣದ ಮುಖ್ಯಸ್ಥರಾಗಿದ್ದರು. ಉತ್ತರಕಾಶಿಯಲ್ಲಿ ನೆಹರೂ ಪರ್ವತಾರೋಹಣ ಸ೦ಸ್ಥೆಯು ೧೯೬೫ರಲ್ಲಿ ಹುಟ್ಟಿತು. ಇಂಥ ಶಾಲೆಗಳ ಪ್ರಾಥಮಿಕ ಶಿಕ್ಷಣವು ಸುಮಾರು ನಾಲ್ಕು ವಾರಗಳದು. ನಮ್ಮ ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ತರುಣರಿಗೆ ಸಾಹಸಶಿಕ್ಷಣವನ್ನು ಕೊಡುತ್ತ ಬಂದಿದೆ.

ಆದರೂ ವಿದ್ಯೆಯು ಅಪಾಯವನ್ನು ಇಲ್ಲದಂತೆ ಮಾಡುವದೆಂದು ಹೇಳಲಾರೆ. ೨೦೨೨ರ ಅಕ್ಟೋಬರ ೪ರಂದು ಅದೇ ಉತ್ತರಕಾಶಿಯ ಸಂಸ್ಥೆಯ ವಿದ್ಯಾರ್ಥಿಗಳೂ ಶಿಕ್ಷಕರೂ ದ್ರೌಪದೀ ಕಾ ಡಾಂಡಾ ಎಂಬ ಶಿಖರದಲ್ಲಿ ಹಿಮಪಾತಕ್ಕೆ ಸಿಕ್ಕು, ಇಪ್ಪತ್ತೈದಕ್ಕೂ ಹೆಚ್ಚು ಜನರು ತೀರಿಕೊಂಡರು. ಕಲಿತವರ ಅಪಾಯ ಕಡಿಮೆಯಾಗುವದು, ಇಲ್ಲವಾಗುವದಿಲ್ಲ. ಇದನ್ನು ಮಕ್ಕಳಿಂದ ಮರೆಮಾಚದೆ ಹೇಳಬೇಕು.

ಮನೆಯವರು ಕೇಳಬೇಕಾದದ್ದು

ಕೊನೆಗೆ ಮನೆಯ ಹಿರಿಯರಿಗೆ ಒಂದೆರಡು ಮಾತು. ಮಗನಾಗಲಿ ಮಗಳಾಗಲಿ ಅನುಮತಿ ಬೇಡಿದಾಗ, ಖರ್ಚೆಷ್ಟು ಎಂಬದಕ್ಕಿಂತ ಮೊದಲು ಇವನ್ನು ಕೇಳಿರಿ. ತಂಡದ ಮುಂದಾಳು ಎಲ್ಲಿ ಕಲಿತವನು? ಎಷ್ಟು ಜನರಿಗೆ ಒಬ್ಬ ಮಾರ್ಗದರ್ಶಕ? ಕೆಟ್ಟ ಹವೆ ಬಂದರೆಂದು ಬಿಡುವಿನ ದಿನಗಳನ್ನು ಇಟ್ಟಿದ್ದಾರೆಯೇ? ಅರಣ್ಯ ಇಲಾಖೆಯ ಅನುಮತಿ ಇದೆಯೇ? ನೀನು ಹೊತ್ತುಕೊಂಡು ಎಷ್ಟು ದಿನ ನಡೆದು ನೋಡಿರುವಿ? ಹಾದಿಯ ಹೆಸರು, ಪ್ರತಿ ರಾತ್ರಿಯ ಮುಕ್ಕಾಮು, ಮರಳುವ ದಿನ, ಮುಂದಾಳಿನ ದೂರವಾಣಿಯ ಸಂಖ್ಯೆ ಇವನ್ನು ಒಂದು ಹಾಳೆಯಲ್ಲಿ ಬರೆಯಿಸಿಕೊಂಡು ದೇವರ ಮನೆಯ ಗೋಡೆಗೆ ಅಂಟಿಸಿರಿ. ಇಂಥ ದಿನ ಇಂಥ ಹೊತ್ತಿನೊಳಗೆ ಸುದ್ದಿ ಬಾರದಿದ್ದರೆ ಯಾರಿಗೆ ತಿಳಿಸಬೇಕೆಂಬದನ್ನೂ ಅದರಲ್ಲಿಯೇ ಬರೆಯಿಸಿರಿ. ಇವಕ್ಕೆಲ್ಲ ನೆಟ್ಟಗೆ ಉತ್ತರ ಹೇಳುವ ಮಗುವನ್ನು ಕಳಿಸಬಹುದು. ಉತ್ತರ ಹೇಳಲಾರದವರಿಗೆ, ಮುಂದಿನ ವರ್ಷ ಹೋಗು ಎನ್ನಬಹುದು. ಬೆಟ್ಟವು ಅಲ್ಲಿಯೇ ಇರುವದು.

ಇನ್ನೂ ಒಂದು ಕೆಲಸ ಹಿರಿಯರಿಂದ ಮಾತ್ರ ಆಗತಕ್ಕದ್ದು. ಶಿಖರವನ್ನು ಮುಟ್ಟದೆ ತಿರುಗಿ ಬಂದ ಮಕ್ಕಳನ್ನು ನಮ್ಮ ಜನ ಹಾಸ್ಯ ಮಾಡುವದುಂಟು, "ಇಷ್ಟು ರೊಕ್ಕಾ ಸುರದು ಅರ್ಧಕ್ಕ ಬಂದಿಯಾ?" ಎಂದು ಕೇಳುವದುಂಟು. ಈ ಒಂದು ಮಾತಿನ ಅಂಜಿಕೆಯೇ ಎಷ್ಟೋ ತರುಣರನ್ನು ಗೊತ್ತಾದ ವೇಳೆ ಮೀರಿ ಮೇಲಕ್ಕೆ ನೂಕುತ್ತದೆ. ಆದುದರಿಂದ ಹೊರಡುವ ಮೊದಲೇ ಅವರ ಬೆನ್ನ ಮೇಲೆ ಕೈಯಿಟ್ಟು, ತುದಿ ಮುಟ್ಟಿದರೂ ಸಂತೋಷ, ಮುಟ್ಟದೆ ಬಂದರೂ ಅಷ್ಟೇ ಸಂತೋಷ, ಬರುವದು ಮಾತ್ರ ಬೇಕು ಎಂದು ಬಾಯಿಬಿಟ್ಟು ಹೇಳಿರಿ. ಉಣ್ಣೆಯ ಉಡುಪಿನಷ್ಟೇ ಬೆಚ್ಚಗಿನ ಈ ಮಾತನ್ನು ಅಂಗಡಿಯಲ್ಲಿ ಕೊಳ್ಳಲು ಬಾರದು. ಮನೆಯಿಂದಲೇ ಕಟ್ಟಿ ಕೊಡಬೇಕು.